ಹಳೆಯ ಲ್ಯಾಂಡ್ ಕ್ರೂಸರ್, ಹೊಸ ಎಸ್-ಕ್ಲಾಸ್: ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ಮೊದಲು

ಟೊಯೊಟಾ ಲ್ಯಾಂಡ್ ಕ್ರೂಸರ್‌ನ 80 ಸರಣಿಯ, ಅಂದರೆ 1990ರ ದಶಕದ, ಎಸ್‌ಯುವಿಯೊಂದರ ಕೆಳಗೆ, ಜಾಕ್ ಹಾಕದೆಯೇ, ಬೆನ್ನ ಮೇಲೆ ಮಲಗಿ ನುಸುಳಬಹುದು. ಅಲ್ಲಿ ಕಣ್ಣಿಗೆ ಬೀಳುವುದೆಲ್ಲ ಉಕ್ಕು. ಉದ್ದಕ್ಕೆ ಎರಡು ತೊಲೆಗಳು, ಅವನ್ನು ಬಿಗಿದು ಹಿಡಿದ ಅಡ್ಡಪಟ್ಟಿಗಳು ಸೇರಿ ಏಣಿಯಂತೆ ಕಾಣುವ ಚಾಸಿ. ಅದರ ಅಡಿಯಲ್ಲಿ ಮುಂದೊಂದು ಹಿಂದೊಂದು ಒನಕೆಯಂಥ ಆಕ್ಸಲ್. ಪ್ರತಿ ಆಕ್ಸಲ್‌ನಲ್ಲೂ ಸೋರೆಬುರುಡೆಯ ಹಾಗೆ ಉಬ್ಬಿಕೊಂಡ, ಎಡ-ಬಲ ಚಕ್ರಗಳಿಗೆ ಬಲ ಹಂಚುವ ಗೇರುಗಳಿರುವ ಡಿಫರೆನ್ಷಿಯಲ್ ಗೂಡು. ಪ್ರೊಪೆಲ್ಲರ್ ಶಾಫ್ಟ್‌ನ ಕೀಲುಗಳಲ್ಲಿ ಗ್ರೀಸ್ ಗನ್ ಕಚ್ಚಿಸಲೆಂದು ಬಿಟ್ಟ ಪುಟ್ಟ ನಿಪ್ಪಲ್‌ಗಳು. ಗೇರ್‌ಬಾಕ್ಸ್‌ನಿಂದ ಹೊರಟ ಬಲ ಯಾವ ದಾರಿಯಲ್ಲಿ ಚಕ್ರ ತಲಪುತ್ತದೆ ಎಂಬುದನ್ನು ಬೆರಳಿಟ್ಟು ಹಿಂಬಾಲಿಸಬಹುದು. 2020ರಲ್ಲಿ ಬಂದ ಮರ್ಸಿಡಿಸ್-ಬೆಂಜ್ ಎಸ್-ಕ್ಲಾಸ್ ಸೆಡಾನ್‌ನ ಕೆಳಭಾಗವನ್ನು ನೋಡಬೇಕಾದರೆ ಕಾರನ್ನು ಲಿಫ್ಟ್ ಮೇಲೆ ಎತ್ತಬೇಕು. ಎತ್ತಿದ ಮೇಲೂ ಕಾಣುವುದು ಬಹುಪಾಲು ನುಣುಪಾದ ಕಪ್ಪು ಹಲಗೆಗಳ ಹೊದಿಕೆ. ಗಾಳಿ ತಡೆಯಿಲ್ಲದೆ ಜಾರಿಹೋಗಲಿ, ರಸ್ತೆಯ ಸದ್ದು ಒಳಗೆ ಬಾರದಿರಲಿ ಎಂದು ಅದನ್ನು ಹಾಗೆ ಮುಚ್ಚಿರುತ್ತಾರೆ.

ಇಂಥ ಎರಡು ವಾಹನಗಳನ್ನು ಹೋಲಿಸಲು ಕುಳಿತವರು ಸಾಮಾನ್ಯವಾಗಿ ಎಂಜಿನ್‌ನ ಶಕ್ತಿ, ನಿಂತಲ್ಲಿಂದ 100 ಕಿ.ಮೀ. ವೇಗ ಮುಟ್ಟಲು ಬೇಕಾದ ಸೆಕೆಂಡುಗಳು, ಮೈಲೇಜ್, ಸೌಲಭ್ಯಗಳ ಪಟ್ಟಿ ಇವುಗಳನ್ನು ಎರಡು ಕಾಲಮ್ಮುಗಳಲ್ಲಿ ಬರೆದುಕೊಳ್ಳುತ್ತಾರೆ. ಆ ಪಟ್ಟಿಯಲ್ಲಿ ಹೊಸ ಸೆಡಾನ್ ಪ್ರತಿ ಸಾಲಿನಲ್ಲೂ ಗೆಲ್ಲುತ್ತದೆ. ಆದರೂ ಹಳೆಯ ಎಸ್‌ಯುವಿಯನ್ನು ಹುಡುಕಿಕೊಂಡು ಹೋಗುವವರ ಸಂಖ್ಯೆ ಏಕೆ ಕಡಿಮೆಯಾಗಿಲ್ಲ ಎಂಬುದಕ್ಕೆ ಪಟ್ಟಿ ಉತ್ತರ ಕೊಡುವುದಿಲ್ಲ. ಅದಕ್ಕೆ ಬರಿಯ ಹಳೆಯದರ ಮೇಲಿನ ಮೋಹ ಕಾರಣವೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ನನ್ನ ಲೆಕ್ಕದಲ್ಲಿ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ವಿನ್ಯಾಸಗೊಳಿಸಿದವರು ಏನನ್ನು ಇದ್ದೇ ಇದೆ ಎಂದು ನಂಬಿದ್ದರು? ಲ್ಯಾಂಡ್ ಕ್ರೂಸರ್ ಮಾಡಿದವರು ಮುಂದೆ ರಸ್ತೆ ಇಲ್ಲದಿರಬಹುದು, ಮೆಕ್ಯಾನಿಕ್ ಎರಡು ದಿನದ ದಾರಿಯಾಚೆ ಇರಬಹುದು ಎಂದು ಎಣಿಸಿದ್ದರು. ಎಸ್-ಕ್ಲಾಸ್ ಮಾಡಿದವರು ರಸ್ತೆ ಇದೆ, ಅದು ನುಣುಪಾಗಿಯೂ ಇದೆ, ಕಂಪ್ಯೂಟರ್ ಜೋಡಿಸಿ ದೋಷ ಓದಬಲ್ಲ ವರ್ಕ್‌ಶಾಪ್ ಕೈಗೆಟುಕುವ ದೂರದಲ್ಲಿದೆ ಎಂದು ಎಣಿಸಿದ್ದಾರೆ. ಉಳಿದ ವ್ಯತ್ಯಾಸಗಳಲ್ಲಿ ಹೆಚ್ಚಿನವು ಈ ಎರಡು ನಂಬಿಕೆಗಳಿಂದಲೇ ಹುಟ್ಟಿಕೊಂಡಿವೆ.

ಮೊದಲು ನಿಧಾನವಾಗಿ ಹೋಗುವ ವಿದ್ಯೆಯನ್ನು ನೋಡೋಣ, ಏಕೆಂದರೆ ಆಫ್-ರೋಡ್ ವಾಹನದ ನಿಜವಾದ ಪರಿಣತಿ ಇರುವುದು ಅಲ್ಲಿ. 80 ಸರಣಿಯಂಥ ಎಸ್‌ಯುವಿಯಲ್ಲಿ ಮಾಮೂಲಿ ಗೇರ್‌ಬಾಕ್ಸ್‌ನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಗೇರುಪೆಟ್ಟಿಗೆ ಇರುತ್ತದೆ. ಅದು ಎಂಜಿನ್‌ನ ಬಲವನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಹಂಚುವುದಲ್ಲದೆ, ಲೋ ರೇಂಜ್‌ಗೆ ಹಾಕಿದಾಗ ವೇಗವನ್ನು ಸುಮಾರು ಎರಡೂವರೆ ಪಾಲು ತಗ್ಗಿಸಿ, ಟಾರ್ಕ್ ಅನ್ನು, ಅಂದರೆ ತಿರುಗಿಸುವ ಬಲವನ್ನು, ಅಷ್ಟೇ ಪಾಲು ಹೆಚ್ಚಿಸುತ್ತದೆ. ಲೆಕ್ಕ ಹಾಕಿ ನೋಡಿದರೆ ಇದರ ಅರ್ಥ ಸ್ಪಷ್ಟವಾಗುತ್ತದೆ. ಮೊದಲ ಗೇರಿನ ಅನುಪಾತ 4, ಲೋ ರೇಂಜ್ 2.5, ಆಕ್ಸಲ್‌ನ ಅನುಪಾತ 4 ಎಂದಿಟ್ಟುಕೊಂಡರೆ ಮೂರನ್ನೂ ಗುಣಿಸಿದಾಗ 40 ಬರುತ್ತದೆ. ಎಂಜಿನ್ 40 ಸುತ್ತು ಸುತ್ತಿದರೆ ಚಕ್ರ ಸುತ್ತುವುದು ಒಂದೇ ಸುತ್ತು. ಆಕ್ಸಿಲರೇಟರ್ ಮುಟ್ಟದೆ ಎಂಜಿನ್ ನಿಮಿಷಕ್ಕೆ 700 ಸುತ್ತು ತಿರುಗುತ್ತಿದ್ದರೆ ಚಕ್ರ ನಿಮಿಷಕ್ಕೆ ಹದಿನೇಳೂವರೆ ಸುತ್ತು ತಿರುಗುತ್ತದೆ. ಟೈರಿನ ಸುತ್ತಳತೆ ಸುಮಾರು 2.4 ಮೀಟರ್ ಇರುವುದರಿಂದ ವಾಹನ ನಿಮಿಷಕ್ಕೆ 42 ಮೀಟರ್, ಅಂದರೆ ಗಂಟೆಗೆ ಎರಡೂವರೆ ಕಿಲೋಮೀಟರ್ ಸಾಗುತ್ತದೆ. ಮನುಷ್ಯನ ನಡಿಗೆಗಿಂತ ಇದು ನಿಧಾನ. ಕಡಿದಾದ ಕಲ್ಲಿನ ಇಳಿಜಾರಿನಲ್ಲಿ ಬ್ರೇಕನ್ನೇ ಮುಟ್ಟದೆ, ಎಂಜಿನ್ ಹಿಡಿದೆಳೆಯುವ ತಡೆಯಿಂದಲೇ ವಾಹನ ಒಂದೊಂದು ಕಲ್ಲನ್ನೂ ತಡವಿ ನೋಡುತ್ತ ಇಳಿಯುವುದು ಇದರಿಂದಲೇ ಸಾಧ್ಯವಾಗುತ್ತದೆ. ಸೆಡಾನ್‌ಗೆ ಒಂಬತ್ತು ಗೇರುಗಳಿದ್ದರೂ ಇಂಥದೊಂದು ಮೆಟ್ಟಿಲು ಇಲ್ಲ. ಅದು ಅಷ್ಟು ನಿಧಾನವಾಗಿ ಹೋಗಬೇಕಾದರೆ ಬ್ರೇಕ್ ಮತ್ತು ಟಾರ್ಕ್ ಕನ್ವರ್ಟರ್ (ಎಂಜಿನ್‌ನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಎರಡೂ ಬಿಸಿಯನ್ನು ನುಂಗಿಕೊಳ್ಳಬೇಕಾಗುತ್ತದೆ.

ಎರಡನೆಯದು ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕಾಗುವುದರಿಂದ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಗುಂಪು ಅದು. ಅದರ ಗುಣವೂ ದೋಷವೂ ಒಂದೇ: ಎರಡೂ ಬದಿಗೆ ಅದು ಯಾವಾಗಲೂ ಸಮನಾದ ಟಾರ್ಕ್ ಕೊಡುತ್ತದೆ. ಎಡ ಚಕ್ರ ಹಸಿ ಜೇಡಿಮಣ್ಣಿನ ಮೇಲಿದ್ದು 100 ನ್ಯೂಟನ್-ಮೀಟರ್‌ಗಿಂತ ಹೆಚ್ಚಿನ ಟಾರ್ಕ್ ಬಂದರೆ ಜಾರಿ ಸುತ್ತತೊಡಗುತ್ತದೆ, ಬಲ ಚಕ್ರ ಬಂಡೆಯ ಮೇಲಿದ್ದು 1000ದವರೆಗೂ ತಡೆದುಕೊಳ್ಳಬಲ್ಲದು ಎಂದು ಭಾವಿಸಿ. ಎಡಕ್ಕೆ 100 ಮಾತ್ರ ಹೋಗುವುದರಿಂದ ಬಲಕ್ಕೂ 100 ಮಾತ್ರ ಹೋಗುತ್ತದೆ. ಬಂಡೆಯ ಹಿಡಿತ ಇದ್ದೂ ಇಲ್ಲದಂತಾಗಿ ಒಟ್ಟು 200ರಲ್ಲಿ ವಾಹನ ಅಲ್ಲಾಡದೆ ನಿಲ್ಲುತ್ತದೆ. 80 ಸರಣಿಯಲ್ಲಿ ಹೆಚ್ಚುವರಿ ಸೌಲಭ್ಯವಾಗಿ ಸಿಗುತ್ತಿದ್ದ ಡಿಫರೆನ್ಷಿಯಲ್ ಲಾಕ್ ಇದ್ದರೆ ಚಾಲಕ ಗುಂಡಿಯೊಂದನ್ನು ತಿರುಗಿಸಿ ಎರಡು ಚಕ್ರಗಳನ್ನೂ ಒಂದೇ ಸರಳಿಗೆ ಬಿಗಿದಂತೆ ಮಾಡಬಹುದು. ಆಗ ಎಡ ಚಕ್ರ 100, ಬಲ ಚಕ್ರ 1000, ಒಟ್ಟು 1100.

ನಾಲ್ಕು ಚಕ್ರ ಚಾಲನೆಯಿರುವ ಹೊಸ ಸೆಡಾನ್ ಇದೇ ಸಮಸ್ಯೆಯನ್ನು ಬೇರೆ ಜಾಣತನದಿಂದ ಬಿಡಿಸುತ್ತದೆ. ಪ್ರತಿ ಚಕ್ರದ ವೇಗ ಅಳೆಯುವ ಸೆನ್ಸರ್ ಎಡ ಚಕ್ರ ಹುಚ್ಚೆದ್ದು ಸುತ್ತುವುದನ್ನು ಗುರುತಿಸಿ ಆ ಒಂದು ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿಸುತ್ತದೆ. ಬ್ರೇಕ್ 500 ನ್ಯೂಟನ್-ಮೀಟರ್ ತಡೆ ಒಡ್ಡಿದರೆ ಡಿಫರೆನ್ಷಿಯಲ್‌ಗೆ ಎಡಬದಿ 600 ತಡೆಯುತ್ತಿರುವಂತೆ ತೋರುತ್ತದೆ, ಹಾಗಾಗಿ ಬಲಕ್ಕೂ 600 ಕೊಡುತ್ತದೆ. ವಾಹನವನ್ನು ಮುಂದಕ್ಕೆ ತಳ್ಳುವುದು 700. ಉಳಿದ 500ರ ಪಾಲು ಬ್ರೇಕ್ ಡಿಸ್ಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಹಿಮ ಬಿದ್ದ ರಸ್ತೆಯಲ್ಲಿ, ಒದ್ದೆ ಹುಲ್ಲಿನ ಮೇಲೆ, ಒಂದೆರಡು ನಿಮಿಷಗಳ ಮಟ್ಟಿಗೆ ಇದು ಅದ್ಭುತವಾಗಿ ಕೆಲಸ ಮಾಡುತ್ತದೆ, ಚಾಲಕನಿಗೆ ಏನೂ ತಿಳಿದಿರಬೇಕಾಗಿಯೂ ಇಲ್ಲ. ಆದರೆ ಕೆಸರಿನಲ್ಲಿ ಅರ್ಧ ಗಂಟೆ ಒದ್ದಾಡಬೇಕಾದಾಗ ಬ್ರೇಕುಗಳು ಬಿಸಿಯೇರುತ್ತವೆ, ಕಂಪ್ಯೂಟರ್ ಅವುಗಳನ್ನು ಉಳಿಸಲು ಸಹಾಯವನ್ನು ಹಿಂತೆಗೆದುಕೊಳ್ಳುತ್ತದೆ. ಉಕ್ಕಿನ ಲಾಕ್‌ಗೆ ಆ ಆಯಾಸ ಇಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. 80 ಸರಣಿಯ ಬಹಳಷ್ಟು ಮಾದರಿಗಳಲ್ಲಿ ನಾಲ್ಕೂ ಚಕ್ರಗಳಿಗೆ ಸದಾ ಬಲ ಹೋಗುತ್ತಿತ್ತು, ನಡುವೆ ಮೂರನೆಯ ಡಿಫರೆನ್ಷಿಯಲ್ ಇತ್ತು. ಕೆಲವು ಮಾದರಿಗಳಲ್ಲಿ, ಹಾಗೆಯೇ ಆ ಕಾಲದ ಅನೇಕ ಇತರ ಎಸ್‌ಯುವಿಗಳಲ್ಲಿ, ಅದು ಇರಲಿಲ್ಲ. ಬೇಕಾದಾಗ ಮಾತ್ರ ಮುಂದಿನ ಚಕ್ರಗಳನ್ನು ಜೋಡಿಸಿಕೊಳ್ಳುವ ಪಾರ್ಟ್-ಟೈಮ್ ವ್ಯವಸ್ಥೆ ಅವುಗಳದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ವೃತ್ತದಲ್ಲಿ ಉರುಳುತ್ತವೆ. ಮರಳಿನಲ್ಲಿ, ಕೆಸರಿನಲ್ಲಿ ಆ ವ್ಯತ್ಯಾಸವನ್ನು ಟೈರುಗಳು ತುಸು ಜಾರಿ ಸರಿಪಡಿಸಿಕೊಳ್ಳುತ್ತವೆ. ಒಣ ಡಾಂಬರಿನ ಮೇಲೆ ಜಾರಲು ಎಡೆಯಿಲ್ಲದೆ ಬಲವೆಲ್ಲ ಶಾಫ್ಟ್‌ಗಳಲ್ಲಿ ಹುರಿ ಬಿಗಿದಂತೆ ಶೇಖರವಾಗಿ, ಸ್ಟಿಯರಿಂಗ್ ಭಾರವಾಗಿ, ಕೊನೆಗೆ ಗೇರೋ ಕೀಲೋ ಮುರಿಯುತ್ತದೆ. ಹೊಸ ಸೆಡಾನ್‌ನ ಚಾಲಕನಿಗೆ ಇಂಥ ಯಾವ ಜ್ಞಾನವೂ ಬೇಡ. ಹಳೆಯ ಎಸ್‌ಯುವಿಯ ಸಾಮರ್ಥ್ಯದ ಒಂದು ಪಾಲು ಅದರ ಚಾಲಕನ ತಲೆಯಲ್ಲಿ ಇರುತ್ತದೆ. ತಿಳಿಯದವರ ಕೈಯಲ್ಲಿ ಅದು ಸೆಡಾನ್‌ಗಿಂತ ಬೇಗ ಹೂತುಕೊಳ್ಳುವುದನ್ನು ನಾನು ಕಂಡಿದ್ದೇನೆ.

ಆಕ್ಸಲ್ ಮತ್ತು ಗಾಳಿಚೀಲ

80 ಸರಣಿಯ ಆಕ್ಸಲ್‌ಗಳು ಅಖಂಡ. ಎಡ ಮತ್ತು ಬಲ ಚಕ್ರಗಳು ಒಂದೇ ದೂಲದ ಎರಡು ತುದಿಗಳಿದ್ದಂತೆ. ಒಂದು ಚಕ್ರ ಬಂಡೆ ಹತ್ತಿ ಮೇಲೇರಿದರೆ ದೂಲ ಓರೆಯಾಗಿ, ಇನ್ನೊಂದು ಚಕ್ರವನ್ನು ನೆಲಕ್ಕೆ ಒತ್ತುತ್ತದೆ. ಉದ್ದನೆಯ ಕಾಯಿಲ್ ಸ್ಪ್ರಿಂಗ್‌ಗಳು ಅದಕ್ಕೆ ಬೇಕಾದಷ್ಟು ಆಡಲು ಜಾಗ ಕೊಡುತ್ತವೆ. ಡಿಫರೆನ್ಷಿಯಲ್ ಗೂಡು ಆಕ್ಸಲ್‌ಗೇ ಅಂಟಿಕೊಂಡಿರುವುದರಿಂದ ವಾಹನದಲ್ಲಿ ಎಷ್ಟೇ ಭಾರ ತುಂಬಿದರೂ ಅದರ ಮತ್ತು ನೆಲದ ನಡುವಿನ ಅಂತರ ಟೈರಿನ ಎತ್ತರದ ಮೇಲೆ ಮಾತ್ರ ನಿಂತಿರುತ್ತದೆ. ಸೆಡಾನ್‌ನಂತೆ ಪ್ರತಿ ಚಕ್ರವೂ ಸ್ವತಂತ್ರವಾಗಿ ಆಡುವ ವ್ಯವಸ್ಥೆಯಲ್ಲಿ ಸ್ಪ್ರಿಂಗ್ ಕುಗ್ಗಿದಷ್ಟೂ ಹೊಟ್ಟೆ ನೆಲಕ್ಕೆ ಹತ್ತಿರವಾಗುತ್ತದೆ.

ಆದರೆ ಇದೇ ಆಕ್ಸಲ್ ಒಳ್ಳೆಯ ರಸ್ತೆಯಲ್ಲಿ ಹೊರೆಯಾಗುತ್ತದೆ. ಸ್ಪ್ರಿಂಗ್‌ನ ಕೆಳಗಿರುವ ತೂಕ, ಅಂದರೆ ಚಕ್ರ, ಬ್ರೇಕ್, ಆಕ್ಸಲ್, ಡಿಫರೆನ್ಷಿಯಲ್ ಎಲ್ಲ ಸೇರಿದ ತೂಕ, ಹೆಚ್ಚಾದಷ್ಟೂ ಅದು ಗುಂಡಿಯ ಅಂಚಿಗೆ ಬಡಿದು ಮೇಲೆದ್ದಾಗ ಸ್ಪ್ರಿಂಗ್ ಮತ್ತು ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಅದನ್ನು ಹತೋಟಿಗೆ ತರುವುದು ಕಷ್ಟ. ವಾಹನದ ಮೈ ಅಲುಗುತ್ತದೆ, ಒಂದು ಬದಿಯ ಹೊಡೆತ ಇನ್ನೊಂದು ಬದಿಗೂ ದಾಟುತ್ತದೆ. ಎಸ್-ಕ್ಲಾಸ್‌ನಲ್ಲಿ ಡಿಫರೆನ್ಷಿಯಲ್ ಕಾರಿನ ಮೈಗೇ ಸೇರಿದೆ, ಚಕ್ರಗಳನ್ನು ಹಿಡಿದಿರುವುದು ಅಲ್ಯುಮಿನಿಯಮ್ ತೋಳುಗಳು, ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳು. ಹಿಂದಿನ ಸೀಟಿನಲ್ಲಿ ಮೂವರು ಕುಳಿತರೆ ಕಂಪ್ರೆಸರ್ ಇನ್ನಷ್ಟು ಗಾಳಿ ತುಂಬಿ ಎತ್ತರವನ್ನು ಮೊದಲಿನಷ್ಟೇ ಇಡುತ್ತದೆ. ಹೆದ್ದಾರಿಯ ವೇಗದಲ್ಲಿ ಮೈಯನ್ನು ತುಸು ತಗ್ಗಿಸಿ ಗಾಳಿಯ ಎಳೆತ ಕಡಿಮೆ ಮಾಡುತ್ತದೆ. ಇನ್ನೂ ದುಬಾರಿ ಆಯ್ಕೆಯಾದ ಇ-ಆಕ್ಟಿವ್ ಬಾಡಿ ಕಂಟ್ರೋಲ್ 48 ವೋಲ್ಟ್ ವಿದ್ಯುತ್ತಿನಿಂದ ಪ್ರತಿ ಚಕ್ರದ ಬಲವನ್ನು ಬೇರೆ ಬೇರೆಯಾಗಿ ನಿಯಂತ್ರಿಸುತ್ತದೆ. ಪಕ್ಕದಿಂದ ಇನ್ನೊಂದು ವಾಹನ ಬಂದು ಗುದ್ದಲಿದೆ ಎಂದು ಸೆನ್ಸರ್‌ಗಳಿಗೆ ತಿಳಿದರೆ ಅದು ಕ್ಷಣಾರ್ಧದಲ್ಲಿ ಕಾರನ್ನು 8 ಸೆಂ.ಮೀ.ವರೆಗೆ ಮೇಲೆತ್ತಿ, ಹೊಡೆತ ಬಾಗಿಲಿನ ಬದಲು ಗಟ್ಟಿಯಾದ ಕೆಳ ತೊಲೆಗೆ ಬೀಳುವಂತೆ ಮಾಡುತ್ತದೆ.

ಟೈರಿನ ಅಂಕಿಗಳನ್ನು ಓದಲು ಬಂದವರಿಗೆ ಎರಡರ ಸ್ವಭಾವ ಅಲ್ಲೇ ತಿಳಿಯುತ್ತದೆ. 80 ಸರಣಿಯ ಒಂದು ಸಾಮಾನ್ಯ ಅಳತೆ 275/70 ಆರ್ 16. ಅಗಲ 275 ಮಿ.ಮೀ., ಅದರ ಶೇ. 70ರಷ್ಟು ಎಂದರೆ ಸುಮಾರು 192 ಮಿ.ಮೀ. ಎತ್ತರದ ಪಕ್ಕದ ಗೋಡೆ. ಎಸ್-ಕ್ಲಾಸ್‌ನ 255/40 ಆರ್ 20 ಟೈರಿನ ಗೋಡೆ 102 ಮಿ.ಮೀ. ಮಾತ್ರ. ಎತ್ತರದ ಗೋಡೆಯಿರುವ ಟೈರಿನ ಗಾಳಿಯನ್ನು ಮರಳಿನಲ್ಲಿ ಅರ್ಧದಷ್ಟು ಇಳಿಸಿದರೆ ಅದು ಉದ್ದಕ್ಕೆ ಚಪ್ಪಟೆಯಾಗಿ, ನೆಲ ಮುಟ್ಟುವ ಭಾಗ ಹಿಗ್ಗಿ, ಹೂತುಹೋಗದೆ ತೇಲಿದಂತೆ ಸಾಗುತ್ತದೆ. ಮತ್ತೆ ಗಟ್ಟಿ ನೆಲಕ್ಕೆ ಬಂದ ಕೂಡಲೇ ಗಾಳಿ ತುಂಬಬೇಕು ಎಂಬುದನ್ನು ಮರೆತರೆ ಟೈರು ಕಾದು ಹರಿಯುತ್ತದೆ. ಗಿಡ್ಡ ಗೋಡೆಯ ಟೈರು ಸ್ಟಿಯರಿಂಗ್ ತಿರುಗಿಸಿದ ತಕ್ಷಣ ಕಾರನ್ನು ತಿರುಗಿಸುತ್ತದೆ, ಆದರೆ ಚೂಪಂಚಿನ ಗುಂಡಿಗೆ ಬಿದ್ದರೆ ಹೊಡೆತವನ್ನು ನುಂಗಲು ರಬ್ಬರ್ ಸಾಲದೆ ಅಲಾಯ್ ರಿಮ್ಮೇ ಬಿರಿಯುತ್ತದೆ.

ವೇಗ ಏರಿದಾಗ

ನಿಧಾನದಲ್ಲಿ ಹಳೆಯ ಎಸ್‌ಯುವಿಗೆ ಇದ್ದ ಮೇಲುಗೈಯೆಲ್ಲ ವೇಗ ಏರಿದಂತೆ ತಲೆಕೆಳಗಾಗುತ್ತದೆ. ಗಾಳಿಯ ಎಳೆತ ಎರಡು ಸಂಗತಿಗಳನ್ನು ಅವಲಂಬಿಸಿದೆ: ಎದುರಿನಿಂದ ಕಾಣುವ ಮೈಯ ವಿಸ್ತೀರ್ಣ, ಮತ್ತು ಆ ಆಕಾರ ಗಾಳಿಯನ್ನು ಎಷ್ಟು ಸಲೀಸಾಗಿ ಸೀಳುತ್ತದೆ ಎಂಬುದನ್ನು ಹೇಳುವ ಗುಣಾಂಕ. ಎಸ್-ಕ್ಲಾಸ್‌ನ ಗುಣಾಂಕ ಕಡಿಮೆಯೆಂದರೆ 0.22, ವಿಸ್ತೀರ್ಣ ಸುಮಾರು ಎರಡೂವರೆ ಚದರ ಮೀಟರ್. ಪೆಟ್ಟಿಗೆಯಾಕಾರದ ಹಳೆಯ ದೊಡ್ಡ ಎಸ್‌ಯುವಿಗೆ ಗುಣಾಂಕ 0.47, ವಿಸ್ತೀರ್ಣ 3 ಚದರ ಮೀಟರ್ ಎಂದು ಹಿಡಿಯೋಣ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಗಾಳಿಯನ್ನು ತಳ್ಳಲಷ್ಟೇ ಸೆಡಾನ್‌ಗೆ ಸುಮಾರು 7 ಕಿಲೋವಾಟ್ ಸಾಕು, ಎಸ್‌ಯುವಿಗೆ 18 ಬೇಕು. ಈ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ 140ರಲ್ಲಿ ಲೆಕ್ಕ ಸುಮಾರು 19 ಮತ್ತು 50 ಆಗುತ್ತದೆ. 80 ಸರಣಿಯ ಟರ್ಬೊ ಇಲ್ಲದ 4.2 ಲೀಟರ್ ಡೀಸೆಲ್ ಎಂಜಿನ್ 1ಎಚ್‌ಜೆಡ್‌ನ ಗರಿಷ್ಠ ಶಕ್ತಿ 100 ಕಿಲೋವಾಟ್‌ಗಿಂತ ಕಡಿಮೆ. ಎಂದರೆ ಅದರ ಅರ್ಧ ಬಲ ಗಾಳಿಯ ಪಾಲು. ಹಳೆಯ ಎಸ್‌ಯುವಿ ಹೆದ್ದಾರಿಯಲ್ಲಿ ಡೀಸೆಲ್ ಕುಡಿಯುತ್ತದೆ ಎಂಬ ದೂರಿನಲ್ಲಿ ಎಂಜಿನ್‌ನ ತಪ್ಪಿಗಿಂತ ಆಕಾರದ ತಪ್ಪೇ ದೊಡ್ಡದು.

ನಿಲ್ಲುವ ವಿಷಯದಲ್ಲಿ ಅಂತರ ಇನ್ನೂ ಗಂಭೀರ. ಒಳ್ಳೆಯ ಟೈರು, ದೊಡ್ಡ ಡಿಸ್ಕುಗಳು, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಸೆಡಾನ್ ಒಣ ರಸ್ತೆಯಲ್ಲಿ ಗುರುತ್ವದ ವೇಗೋತ್ಕರ್ಷಕ್ಕೆ ಸಮನಾದ ದರದಲ್ಲಿ ವೇಗ ಕಳೆದುಕೊಳ್ಳುತ್ತದೆ ಎಂದು ಇಟ್ಟುಕೊಳ್ಳೋಣ. ಎತ್ತರದ ಮೈ, ಮೆತ್ತಗಿನ ಟೈರು ಇರುವ ಹಳೆಯ ಎಸ್‌ಯುವಿಗೆ ಅದರ ಮುಕ್ಕಾಲು ಪಾಲು ಸಾಧ್ಯ ಎನ್ನೋಣ. 100 ಕಿ.ಮೀ. ವೇಗದಿಂದ ಸೆಡಾನ್ 39 ಮೀಟರ್‌ನಲ್ಲಿ ನಿಲ್ಲುತ್ತದೆ, ಎಸ್‌ಯುವಿ 52 ಮೀಟರ್‌ನಲ್ಲಿ. ಹದಿಮೂರು ಮೀಟರ್ ಅಷ್ಟೇನೂ ಹೆಚ್ಚಲ್ಲ ಎನಿಸಬಹುದು. ಆದರೆ ಸೆಡಾನ್ ಪೂರ್ತಿ ನಿಂತ ಜಾಗದಲ್ಲಿ ಎಸ್‌ಯುವಿಯ ವೇಗ ಎಷ್ಟಿರುತ್ತದೆ ಎಂದು ಲೆಕ್ಕ ಹಾಕಿದರೆ ಉತ್ತರ ಗಂಟೆಗೆ 50 ಕಿ.ಮೀ. ಚಲನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಎಸ್‌ಯುವಿಯ ವೇಗದ ಅರ್ಧದಷ್ಟು ಕೊನೆಯ ಹದಿಮೂರು ಮೀಟರ್‌ಗಳಲ್ಲೇ ಇಳಿಯುತ್ತದೆ. ಮುಂದೆ ನಿಂತ ಲಾರಿಯ ಹಿಂಭಾಗಕ್ಕೆ ಒಂದು ಕಾರು ಮುಟ್ಟದೆ ನಿಂತರೆ, ಇನ್ನೊಂದು 50ರ ವೇಗದಲ್ಲಿ ಗುದ್ದುತ್ತದೆ.

ಉರುಳುವ ಅಪಾಯವನ್ನು ಅಳೆಯಲು ಎಂಜಿನಿಯರುಗಳು ಬಳಸುವ ಸರಳ ಸಂಖ್ಯೆಯೊಂದಿದೆ: ಎಡ-ಬಲ ಚಕ್ರಗಳ ನಡುವಿನ ಅಂತರವನ್ನು ಗುರುತ್ವಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸುವುದು. ಸಾಮಾನ್ಯ ಕಾರುಗಳಿಗೆ ಇದು 1.3ರಿಂದ 1.5ರವರೆಗೆ ಇದ್ದರೆ ಎಸ್‌ಯುವಿಗಳಿಗೆ 1.0ರಿಂದ 1.3ರ ನಡುವೆ ಇರುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ವಾಹನ ಜಾರುವ ಮೊದಲೇ ಮಗುಚಿಕೊಳ್ಳುವ ಸಾಧ್ಯತೆ ಹೆಚ್ಚು. ತಪ್ಪಿಸಿಕೊಳ್ಳಲು ಥಟ್ಟನೆ ಸ್ಟಿಯರಿಂಗ್ ತಿರುಗಿಸಿದಾಗ ಒಂದೊಂದು ಚಕ್ರಕ್ಕೆ ಬೇಕಾದಷ್ಟೇ ಬ್ರೇಕ್ ಹಾಕಿ ಕಾರನ್ನು ದಾರಿಗೆ ತರುವ ಇಎಸ್‌ಪಿ ಈ ಅಪಾಯವನ್ನು ಬಹಳ ಮಟ್ಟಿಗೆ ತಗ್ಗಿಸಿತು. ಅದು ಮೊದಲು ಬಂದದ್ದು 1995ರಲ್ಲಿ, ಎಸ್-ಕ್ಲಾಸ್‌ನ ಕೂಪೆಯಲ್ಲಿ. 80 ಸರಣಿಯ ವಿನ್ಯಾಸ ಅದಕ್ಕೂ ಹಿಂದಿನದು.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ಬಿಡಿಸಬೇಕು. ಭಾರವಾದ, ದಪ್ಪ ಉಕ್ಕಿನ ಹಳೆಯ ವಾಹನವೇ ಅಪಘಾತದಲ್ಲಿ ಕಾಪಾಡುತ್ತದೆ ಎಂದು ಹಲವರು ಹೇಳುತ್ತಾರೆ. ಮರ್ಸಿಡಿಸ್‌ನ ಎಂಜಿನಿಯರ್ ಬೇಲಾ ಬಾರೆನಿ 1950ರ ದಶಕದ ಆರಂಭದಲ್ಲೇ ಇದಕ್ಕೆ ವಿರುದ್ಧವಾದ ವಿಚಾರಕ್ಕೆ ಪೇಟೆಂಟ್ ಪಡೆದಿದ್ದರು: ಕಾರಿನ ಮೂಗು ಮತ್ತು ಬಾಲ ನಜ್ಜುಗುಜ್ಜಾಗಬೇಕು, ಜನ ಕೂರುವ ಗೂಡು ಮಾತ್ರ ಗಟ್ಟಿಯಾಗಿ ಉಳಿಯಬೇಕು. ಲೋಹ ಮಡಚಿಕೊಳ್ಳುವಷ್ಟು ಹೊತ್ತು ದೇಹಕ್ಕೆ ನಿಲ್ಲಲು ಹೆಚ್ಚಿನ ಸಮಯ ಸಿಗುತ್ತದೆ, ಸಮಯ ಹೆಚ್ಚಾದಷ್ಟೂ ಎದೆಯ ಮೇಲೆ ಬೀಳುವ ಬಲ ಕಡಿಮೆಯಾಗುತ್ತದೆ. 1959ರ ಮರ್ಸಿಡಿಸ್ ಸೆಡಾನ್‌ಗಳಲ್ಲಿ ಇದು ಜಾರಿಗೆ ಬಂತು. ಏಣಿ ಚಾಸಿಯ ತೊಲೆ ಸುಲಭಕ್ಕೆ ಮಡಚಿಕೊಳ್ಳುವುದಿಲ್ಲ. ವಾಹನ ಹೆಚ್ಚು ಹಾಳಾಗದೆ ನಿಂತರೂ ಒಳಗಿನವರು ಸೀಟ್‌ಬೆಲ್ಟಿಗೆ ಜೋರಾಗಿ ಅಪ್ಪಳಿಸುತ್ತಾರೆ. 80 ಸರಣಿಗೆ ಎಬಿಎಸ್, ಏರ್‌ಬ್ಯಾಗ್ ಬಂದದ್ದೂ ನಂತರದ ವರ್ಷಗಳಲ್ಲಿ, ಅದೂ ಎಲ್ಲ ಮಾದರಿಗಳಿಗಲ್ಲ. 2020ರ ಎಸ್-ಕ್ಲಾಸ್‌ನಲ್ಲಿ ಹಿಂದಿನ ಸೀಟಿನವರ ಎದುರಿಗೂ ಏರ್‌ಬ್ಯಾಗ್ ಆಯ್ಕೆಯಿದೆ. ಮಕ್ಕಳನ್ನು ಕೂರಿಸಿಕೊಂಡು ದಿನವೂ ಹೆದ್ದಾರಿಯಲ್ಲಿ ಹೋಗಬೇಕಾದವರಿಗೆ ನಾನು ಯಾವುದನ್ನು ಹೇಳುತ್ತೇನೆ ಎಂಬುದರಲ್ಲಿ ಅನುಮಾನ ಬೇಡ.

ಕೆಡುವ ರೀತಿ

ಎರಡೂ ವಾಹನಗಳು ಕೆಡುತ್ತವೆ. ಹಳೆಯದು ಸದ್ದು ಮಾಡಿ, ಸೋರಿ, ವಾಸನೆ ಬೀರಿ, ವಾರಗಟ್ಟಲೆ ಮುನ್ಸೂಚನೆ ಕೊಟ್ಟು ಕೆಡುತ್ತದೆ. 80 ಸರಣಿಯ ಮುಂದಿನ ಆಕ್ಸಲ್‌ನ ತುದಿಯಲ್ಲಿ ಚಕ್ರ ತಿರುಗಲು ಅನುವು ಮಾಡುವ ಗೋಳಾಕಾರದ ಕೀಲು ಇದೆ. ಅದರೊಳಗೆ ಕಪ್ಪು ಗ್ರೀಸ್ ತುಂಬಿರುತ್ತದೆ. ಒಳಗಿನ ಸೀಲ್ ಸವೆದಾಗ ಡಿಫರೆನ್ಷಿಯಲ್ ಆಯಿಲ್ ಬಂದು ಗ್ರೀಸಿನೊಂದಿಗೆ ಬೆರೆತು, ಅದನ್ನು ತೆಳ್ಳಗಿನ ಕಾಡಿಗೆಯಂತೆ ಮಾಡಿ, ಗೋಳದ ಕೆಳಗಿನಿಂದ ಜಿನುಗಿಸುತ್ತದೆ. ಆಗಲೂ ಗಮನಿಸದೆ ಬಿಟ್ಟರೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಒಳಗಿನ ಜಾಯಿಂಟ್ ಲಟಲಟ ಎನ್ನತೊಡಗುತ್ತದೆ. ಬಿಚ್ಚಿ, ತೊಳೆದು, ಹೊಸ ಸೀಲು ಹಾಕಿ, ಬೇರಿಂಗಿಗೆ ಗ್ರೀಸ್ ತುಂಬಿ ಜೋಡಿಸುವುದು ಕೈ ಕೊಳಕಾಗುವ ದಿನವಿಡೀ ಕೆಲಸ, ಆದರೆ ಸ್ಪ್ಯಾನರ್ ಹಿಡಿಯಬಲ್ಲ ಯಾರಿಗಾದರೂ ಕಲಿಸಬಹುದಾದ ಕೆಲಸ. 1ಎಚ್‌ಜೆಡ್ ಎಂಜಿನ್‌ನ ಇಂಧನ ಪಂಪ್ ಪೂರ್ತಿ ಯಾಂತ್ರಿಕ. ಒಮ್ಮೆ ಓಡತೊಡಗಿದ ಮೇಲೆ ಬಹುಮಟ್ಟಿಗೆ ಅದಕ್ಕೆ ವಿದ್ಯುತ್ ಬೇಕಿರುವುದು ಇಂಧನದ ಕವಾಟ ತೆರೆದಿಡಲು ಮಾತ್ರ. ಹೊಸ ಡೀಸೆಲ್ ಎಂಜಿನ್‌ಗಳಲ್ಲಿ ಇಂಧನ 2000 ಬಾರ್‌ಗೂ ಮೀರಿದ ಒತ್ತಡದಲ್ಲಿ ಚಿಮ್ಮುತ್ತದೆ. ಅಷ್ಟು ಸೂಕ್ಷ್ಮ ರಂಧ್ರಗಳಿಗೆ ತುಸು ನೀರೋ ಧೂಳೋ ಬೆರೆತರೂ ಸಾಕು. ಅದಕ್ಕೆ ಪ್ರತಿಯಾಗಿ ಹೊಸದು ಕಡಿಮೆ ಇಂಧನ ಸುಡುತ್ತದೆ, ಹೊಗೆಯ ಕಣಗಳನ್ನು ಫಿಲ್ಟರ್‌ನಲ್ಲಿ ಹಿಡಿದಿಡುತ್ತದೆ. ಹಳೆಯದರ ಹೊಗೆ ಹಿಂದೆ ಬರುವವರ ಮುಖಕ್ಕೇ ಹೋಗುತ್ತದೆ ಎಂಬುದನ್ನು ಅದರ ಅಭಿಮಾನಿಗಳು ಹೆಚ್ಚಾಗಿ ಹೇಳುವುದಿಲ್ಲ.

ಸೆಡಾನ್ ಕೆಡುವುದು ಪರದೆಯ ಮೇಲೆ. ಅದರೊಳಗಿನ ಹತ್ತಾರು ಕಂಪ್ಯೂಟರ್ ಪೆಟ್ಟಿಗೆಗಳು ಪರಸ್ಪರ ಸಂದೇಶ ಕಳಿಸಿಕೊಳ್ಳುತ್ತಿರುತ್ತವೆ, ಒಂದರ ಮೌನ ಉಳಿದವುಗಳಿಗೆ ದೋಷವಾಗಿ ತೋರುತ್ತದೆ. ಬ್ಯಾಟರಿ ದುರ್ಬಲವಾದರೆ ಬ್ಯಾಟರಿಗೆ ಸಂಬಂಧವೇ ಇಲ್ಲದ ನಾಲ್ಕು ಎಚ್ಚರಿಕೆಗಳು ಒಟ್ಟಿಗೆ ಬರಬಹುದು. ಮುಂದಿನ ಗಾಜು ಬದಲಿಸಿದರೆ ಅದರ ಹಿಂದಿನ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕು, ಇಲ್ಲದಿದ್ದರೆ ತುರ್ತು ಬ್ರೇಕ್ ನೆಚ್ಚುವಂತಿಲ್ಲ. ಸ್ಪ್ಯಾನರ್ ಕೆಲಸ ಒಂದು ಗಂಟೆಯದಾದರೂ ಸಾಫ್ಟ್‌ವೇರ್ ಇಲ್ಲದೆ ಅದು ಮುಗಿಯುವುದಿಲ್ಲ. ಮೊದಲ ಕೆಲವು ವರ್ಷ ಇದಾವುದೂ ಕಾಡುವುದಿಲ್ಲ. ವಾರಂಟಿ ಮುಗಿದ ಮೇಲೆ, ಎರಡನೆಯ ಅಥವಾ ಮೂರನೆಯ ಮಾಲೀಕನ ಕೈಗೆ ಬಂದಾಗ ಕಾಡುತ್ತದೆ. ದೊಡ್ಡ ಸೆಡಾನ್‌ಗಳ ಬೆಲೆ ಅಷ್ಟು ಬೇಗ ಕುಸಿಯಲು ಇದೇ ಮುಖ್ಯ ಕಾರಣ: ಕಾರಿನ ಬೆಲೆ ಇಳಿಯುತ್ತದೆ, ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಹಳೆಯ ಎಸ್‌ಯುವಿಯ ಬೆಲೆ ಇಳಿಯಬೇಕಾದಷ್ಟು ಯಾವಾಗಲೋ ಇಳಿದು ಮುಗಿದಿರುತ್ತದೆ. ತುಕ್ಕು ಹಿಡಿಯದೆ ಉಳಿದವು ಮತ್ತೆ ಏರುತ್ತಿರುತ್ತವೆ.

ಇವೆರಡರ ನಡುವೆ ದಾರಿ ಹುಡುಕಿದ ಕಂಪನಿಯೂ ಮರ್ಸಿಡಿಸ್ಸೇ. 1979ರಲ್ಲಿ ಬಂದ ಅದರ ಜಿ-ಕ್ಲಾಸ್‌ನಲ್ಲಿ, 2018ರ ಹೊಸ ವಿನ್ಯಾಸದ ನಂತರವೂ ಏಣಿ ಚಾಸಿ, ಹಿಂದಿನ ಅಖಂಡ ಆಕ್ಸಲ್, ಮೂರು ಡಿಫರೆನ್ಷಿಯಲ್ ಲಾಕ್‌ಗಳು ಉಳಿದಿವೆ. ಮುಂದಿನ ಆಕ್ಸಲ್ ಮಾತ್ರ ಸ್ವತಂತ್ರ ಸಸ್ಪೆನ್ಷನ್‌ಗೆ ಜಾಗ ಬಿಟ್ಟಿತು, ರಸ್ತೆಯಲ್ಲಿ ಅದರ ನಡತೆ ಸುಧಾರಿಸಲು ಅಷ್ಟು ಬೆಲೆ ತೆರಲೇಬೇಕಾಯಿತು.

ಕೊಳ್ಳಲು ಹೊರಟವರು ಎರಡನ್ನೂ ಒಂದೇ ರೀತಿ ಪರೀಕ್ಷಿಸುವುದು ತಪ್ಪು. ಎಸ್‌ಯುವಿಯನ್ನು ಓಡಿಸಿ ನೋಡುವುದಕ್ಕಿಂತ ಮೊದಲು ಅದರಡಿ ಮಲಗಿ ನೋಡಬೇಕು. ಸಣ್ಣ ಸುತ್ತಿಗೆಯಿಂದ ಚಾಸಿಯ ತೊಲೆಯುದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋದರೆ ಗಟ್ಟಿ ಉಕ್ಕು ಖಣ್ಣನೆ ಮರುದನಿ ಕೊಡುತ್ತದೆ, ತುಕ್ಕು ತಿಂದ ಜಾಗ ಮಂಕಾಗಿ ಸದ್ದು ಮಾಡುತ್ತದೆ. ಹೊಸದಾಗಿ ದಪ್ಪ ಕಪ್ಪು ಬಣ್ಣ ಬಳಿದಿದ್ದರೆ ಅನುಮಾನ ಇನ್ನೂ ಹೆಚ್ಚಬೇಕು. ಡೀಸೆಲ್ ಮಾದರಿಯಾದರೆ ಟೈಮಿಂಗ್ ಬೆಲ್ಟ್ ಕೊನೆಯ ಬಾರಿ ಯಾವಾಗ ಬದಲಾಯಿತು ಎಂಬುದಕ್ಕೆ ಬಾಯಿಮಾತಲ್ಲದ ದಾಖಲೆ ಕೇಳಬೇಕು. ಲೋ ರೇಂಜ್ ಲಿವರ್ ಹಾಕಿ ತೆಗೆದು ನೋಡಬೇಕು, ವರ್ಷಗಟ್ಟಲೆ ಬಳಸದೆ ಬಿಟ್ಟಿದ್ದರೆ ಅದು ಹಿಡಿದುಕೊಂಡಿರುತ್ತದೆ. ಸೆಡಾನ್‌ಗೆ ಸುತ್ತಿಗೆ ಉಪಯೋಗವಿಲ್ಲ. ಅದರ ಎಲ್ಲ ಕಂಪ್ಯೂಟರ್‌ಗಳನ್ನೂ ಓದಬಲ್ಲ ಸ್ಕ್ಯಾನರ್ ಮತ್ತು ಸರ್ವಿಸ್ ಚರಿತ್ರೆ ಬೇಕು. ಅದರ ಜೊತೆಗೆ, ಸಾಧ್ಯವಾದರೆ, ಒಂದು ಅಳತೆ ಟೇಪು. ಸಂಜೆ ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಅದರ ಮೇಲಿನ ಕಮಾನಿನ ಅಂಚಿನವರೆಗಿನ ಎತ್ತರವನ್ನು ಬರೆದಿಟ್ಟುಕೊಂಡು, ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಮತ್ತೆ ಅಳೆಯಬೇಕು. ಒಂದು ಮೂಲೆ ಮಾತ್ರ ಎರಡು ಬೆರಳಿನಷ್ಟು ತಗ್ಗಿದ್ದರೆ ಅಲ್ಲಿನ ಗಾಳಿಚೀಲ ಸೋರುತ್ತಿದೆ, ಅದನ್ನು ಸರಿದೂಗಿಸಲು ಕಂಪ್ರೆಸರ್ ತಿಂಗಳುಗಳಿಂದ ಹೆಚ್ಚುವರಿ ದುಡಿಯುತ್ತಿದೆ ಎಂದು ತಿಳಿದು, ಎರಡರ ಬೆಲೆಯನ್ನೂ ಮಾತಿನ ಬೆಲೆಯಿಂದ ಕಳೆಯಬೇಕು.